ತಕ್ಕಡಿಯ ಮುಳ್ಳು

ಫೆಬ್ರವರಿಯ ಮೊದಲ ವಾರದ ಒಂದು ಸಂಜೆ, ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ಖರೀದಿ ಮಳಿಗೆಯ ಮುಂದೆ ನಾವು ಏಳೆಂಟು ಮಂದಿ ಸರದಿಗಾಗಿ ಕಾದು ನಿಂತಿದ್ದೆವು. ಎಲ್ಲರದೂ ಕಣದಲ್ಲಿ ಒಣಗಿಸಿ ತಂದ ರೊಬಸ್ಟಾ ಚೆರಿ. ಎಲ್ಲರ ಕೈಯಲ್ಲಿಯೂ ಮೊಬೈಲು, ಅದರಲ್ಲಿ ಲಂಡನ್ ಮಾರುಕಟ್ಟೆಯ ಅಂದಿನ ದರ. ಕಾಯುವ ಹೊತ್ತಿನಲ್ಲಿ ಮಾತು ಎಂದಿನಂತೆ ದೆಹಲಿಗೆ ಹೋಯಿತು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ, ನಮ್ಮ ಊರಿನ ಕಿರಿಯರೆಲ್ಲ ಮಾವ ಎಂದೇ ಕರೆಯುವ ಹಿರಿಯರೊಬ್ಬರು, ದೇಶ ಈಗ ಗಟ್ಟಿಗರ ಕೈಯಲ್ಲಿದೆ, ಬೆಲೆ ಏರದ ಕಾಲ ಯಾವುದಿತ್ತು ಹೇಳಿ ಎಂದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ, ಅಪ್ಪನ ತೋಟದ ಫಸಲನ್ನು ಮಾರಲು ಬಂದಿದ್ದ ಹುಡುಗನೊಬ್ಬ ತಾಳ್ಮೆಯಿಂದಲೇ ಎದುರಾಡಿದ: "ಮಾವ, ನಿಮ್ಮ ಪಿಂಚಣಿ ತಿಂಗಳು ತಿಂಗಳು ಬರುತ್ತದೆ. 2006ರ ಏಪ್ರಿಲ್‌ನಿಂದ ಈಚೆಗೆ ಕೆಲಸಕ್ಕೆ ಸೇರಿದ ನಮ್ಮಂಥವರ ಮುಪ್ಪಿನ ದುಡ್ಡು ಮಾರುಕಟ್ಟೆಯ ಏರಿಳಿತದ ಮೇಲೆ ನಿಂತಿದೆ. ಸರ್ಕಾರವನ್ನು ನೀವು ನಂಬಿದ ಹಾಗೆ ನಾನು ನಂಬುವುದು ಹೇಗೆ?"

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅವರ ಮೊಮ್ಮಗ ಅಗ್ನಿವೀರನಾಗಿ ಸೇರಿರುವುದನ್ನೂ, ನಾಲ್ಕು ವರ್ಷ ಮುಗಿದ ಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ ಎಂಬುದನ್ನೂ ಹೇಳಿ, "ಆ ಲೆಕ್ಕ ನನಗೂ ಸರಿಬಂದಿಲ್ಲ" ಎಂದರು. ಕೊಡಗಿನಲ್ಲಿ ಒಬ್ಬ ಹಳೆಯ ಸೈನಿಕ ಹೀಗೆ ಹೇಳುವುದೆಂದರೆ ಅದು ಸಣ್ಣ ಮಾತಲ್ಲ. ಅವರು ಪಕ್ಷ ಬದಲಿಸಲಿಲ್ಲ. ಬದಲಿಸಬೇಕೆಂದು ನಾನು ಬಯಸಿದವಳೂ ಅಲ್ಲ. ಒಂದು ಸರ್ಕಾರವನ್ನು ಒಟ್ಟಾಗಿ ಒಪ್ಪಿಕೊಂಡ ಮನುಷ್ಯ ಅದರ ಒಂದು ಲೆಕ್ಕವನ್ನು ಮಾತ್ರ ಬೇರೆಯಾಗಿ ಎತ್ತಿ ನೋಡಿದ್ದು ನನ್ನ ಮನಸ್ಸಿನಲ್ಲಿ ನಿಂತಿತು.

ಅಷ್ಟರಲ್ಲಿ ಮಳಿಗೆಯ ಹುಡುಗ ಮಾವನ ಚೀಲಗಳಿಂದ ಮಾದರಿ ತೆಗೆಯತೊಡಗಿದ. ಕಾಫಿಯ ಊರಿನವರಲ್ಲದವರಿಗಾಗಿ ಈ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಚೆರಿ ಎಂದರೆ ಸಿಪ್ಪೆಸಹಿತ ಒಣಗಿದ ಹಣ್ಣು. 50 ಕಿಲೋ ತೂಗುವ ಒಂದು ಚೀಲದಿಂದ ಸಿಪ್ಪೆ ಕಳೆದು ಎಷ್ಟು ಕಿಲೋ ಬೇಳೆ ದೊರೆಯುತ್ತದೆ ಎಂಬುದನ್ನು ಔಟ್‌ಟರ್ನ್ ಎನ್ನುತ್ತೇವೆ, ಬಾಯಿಮಾತಿನಲ್ಲಿ ಓಟಿ. ಒಳ್ಳೆಯ ಫಸಲಾದರೆ 26, 27, ಕೆಲವೊಮ್ಮೆ 28. ಹುಡುಗ ಒಂದೊಂದು ಚೀಲಕ್ಕೂ ಚೂಪಾದ ಕೊಳವೆ ಚುಚ್ಚಿ ಅಷ್ಟಷ್ಟು ಚೆರಿ ತೆಗೆದು ಬೆರೆಸಿ, ಅದರಲ್ಲಿ ಒಂದು ಪಾಲನ್ನು ತೂಗಿ, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಹೊಟ್ಟು ಊದಿ, ಉಳಿದ ಬೇಳೆಯನ್ನು ಮತ್ತೆ ತೂಗುತ್ತಾನೆ. ತೇವಾಂಶವನ್ನೂ ನೋಡುತ್ತಾನೆ. ಆ ಒಂದು ಹಿಡಿ ಬೇಳೆಯ ತೂಕವೇ ಇಡೀ ಪಿಕಪ್‌ನ ಬೆಲೆಯನ್ನು ತೀರ್ಮಾನಿಸುತ್ತದೆ. ಒಂದು ಓಟಿ ಇಳಿದರೆ ಐವತ್ತು ಚೀಲ ತಂದವನ ಮನೆಯ ಒಂದು ತಿಂಗಳ ಖರ್ಚು ಹೋಯಿತೆಂದೇ ಲೆಕ್ಕ.

ಹುಡುಗ ಬೇಳೆಯನ್ನು ತಟ್ಟೆಗೆ ಸುರಿದಾಗ ದೆಹಲಿಯ ಮಾತು ನಿಂತುಹೋಯಿತು. ಸರ್ಕಾರದ ಪರವಾಗಿ ವಾದಿಸುತ್ತಿದ್ದವರೂ ವಿರುದ್ಧವಾಗಿ ವಾದಿಸುತ್ತಿದ್ದವರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದು, ತಲೆ ಬಾಗಿಸಿ, ತೂಕದ ಅಂಕಿಯನ್ನು ನೋಡಿದರು. ಮಳಿಗೆಯವರ ಮೇಲೆ ಅಪನಂಬಿಕೆ ಇದ್ದುದಕ್ಕಲ್ಲ. ಹತ್ತು ವರ್ಷಗಳಿಂದ ಅಲ್ಲಿಗೇ ಕಾಫಿ ಹಾಕುವವರು ನಾವು. ಆದರೂ ನೋಡಿದೆವು. ತೂಗುವವನೂ ಅದನ್ನು ಅವಮಾನವೆಂದು ತಿಳಿಯಲಿಲ್ಲ.

ಮನೆಗೆ ಬಂದ ಮೇಲೆಯೂ ಆ ಒಂದು ಹೆಜ್ಜೆ ನನ್ನನ್ನು ಬಿಡಲಿಲ್ಲ. ಕಾಫಿಯ ತೂಕಕ್ಕೆ ಅಷ್ಟು ಸಹಜವಾಗಿ ಮುಂದೆ ಬರುವ ನಾವು, ನಮ್ಮನ್ನು ಆಳುವವರ ಲೆಕ್ಕಕ್ಕೆ ಏಕೆ ಹಾಗೆ ಮುಂದೆ ಬರುವುದಿಲ್ಲ? ಅಲ್ಲಿ ನಾವು ನಂಬುತ್ತೇವೆ ಅಥವಾ ಬೈಯುತ್ತೇವೆ, ಬಗ್ಗಿ ನೋಡುವುದು ಮಾತ್ರ ಕಡಿಮೆ.

ಕೊಡಗಿನ ರಾಜಕೀಯದ ಇತಿಹಾಸವನ್ನು ತೆರೆದರೆ ತೂಕದ ಮಾತು ಮತ್ತೆ ಮತ್ತೆ ಎದುರಾಗುತ್ತದೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ, ಕೊಡಗಿಗೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ಕಟ್ಟಬೇಕೆಂದಾಯಿತು. ಬೆಳೆದವನು ತನ್ನ ಕಳದಲ್ಲಿ ಅಳೆದುಕೊಡುತ್ತಿದ್ದುದರ ಜಾಗದಲ್ಲಿ ದವಸವನ್ನು ಮಾರಿ ನಾಣ್ಯ ತರಬೇಕಾಯಿತು. ಎಂದರೆ ಅಳತೆ ಅವನ ಕೈತಪ್ಪಿ ಬೇರೆಯವನ ಕೈ ಸೇರಿತು. 1837ರ ದಂಗೆಗೆ ಕಾರಣಗಳು ಹಲವು, ಆದರೆ ಈ ನಗದು ಕಂದಾಯ ಅವುಗಳಲ್ಲಿ ಮುಖ್ಯವಾದದ್ದು. ಆ ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಅಜ್ಜಿಯ ಬಾಯಲ್ಲಿ ಈ ಕಥೆ ಕೇಳಿದಾಗ ಅದು ಬರಿಯ ವೀರನ ಕಥೆಯಾಗಿತ್ತು. ತೋಟದ ಲೆಕ್ಕ ನನ್ನ ಕೈಗೆ ಬಂದ ಮೇಲೆ ಅದರೊಳಗಿನ ಕಂದಾಯದ ಕಥೆ ಕಾಣಿಸಿತು.

ಸ್ವಾತಂತ್ರ್ಯದ ನಂತರ ಕೊಡಗು ಕೆಲವು ವರ್ಷ ತನ್ನದೇ ಒಂದು ರಾಜ್ಯವಾಗಿತ್ತು. 1952ರ ಚುನಾವಣೆಯಲ್ಲಿ 24 ಸ್ಥಾನಗಳ ವಿಧಾನಸಭೆಗೆ ಕಾಂಗ್ರೆಸ್ಸಿನ 15 ಮಂದಿ ಗೆದ್ದರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮೈಸೂರಿನೊಡನೆ ವಿಲೀನ ಬೇಡವೆಂದು ಎದುರು ನಿಂತು 9 ಸ್ಥಾನ ಗೆದ್ದವರ ಗುರುತು ತಕ್ಕಡಿ. ಪಂದ್ಯಂಡ ಬೆಳ್ಯಪ್ಪನವರ ಮುಂದಾಳುತನದ ಆ ಗುಂಪನ್ನು ಜನ ತಕ್ಕಡಿ ಪಕ್ಷವೆಂದೇ ಕರೆದರು. 1956ರ ನವೆಂಬರ್ 1ರಂದು ವಿಲೀನವಾಯಿತು. ವಿಲೀನ ಸರಿಯೋ ತಪ್ಪೋ ಎಂಬ ಹಳೆಯ ಜಗಳವನ್ನು ನಾನಿಲ್ಲಿ ತೆಗೆಯುವುದಿಲ್ಲ. ಕನ್ನಡದಲ್ಲಿ ಓದಿ ಬರೆದು ಬದುಕುತ್ತಿರುವ ನನಗೆ ಆ ನಾಡು ಪರನಾಡಲ್ಲ. ಆದರೆ ಆಗ 24 ಮಂದಿ ಪ್ರತಿನಿಧಿಗಳಿದ್ದ ಜಿಲ್ಲೆಗೆ ಈಗ 224 ಸ್ಥಾನಗಳ ಸಭೆಯಲ್ಲಿ ಇಬ್ಬರಿದ್ದಾರೆ. ಮೂರಾಗಿದ್ದ ಕ್ಷೇತ್ರಗಳು 2008ರ ಮರುವಿಂಗಡಣೆಯಲ್ಲಿ ಎರಡಾದವು, ಸೋಮವಾರಪೇಟೆ ಕ್ಷೇತ್ರ ಇಲ್ಲವಾಯಿತು. 1952ರಲ್ಲಿ ಕೊಡಗಿಗೆ ತನ್ನದೇ ಒಂದು ಲೋಕಸಭಾ ಸ್ಥಾನವಿತ್ತು. ಆಮೇಲೆ ನಾವು ಮಂಗಳೂರಿನ ಜೊತೆಗಿದ್ದೆವು, 2009ರಿಂದ ಮೈಸೂರಿನ ಜೊತೆಗಿದ್ದೇವೆ.

ಜನಸಂಖ್ಯೆಯ ಆಧಾರದಲ್ಲಿ ಲೋಕಸಭೆಯ ಸ್ಥಾನಗಳನ್ನು ಮತ್ತೆ ಹಂಚಿದರೆ ದಕ್ಷಿಣದ ರಾಜ್ಯಗಳ ದನಿ ಕುಗ್ಗುತ್ತದೆ ಎಂಬ ಚರ್ಚೆ ಈಗ ದೇಶದಲ್ಲೆಲ್ಲ ನಡೆಯುತ್ತಿದೆ. ಮಳಿಗೆಯ ಮುಂದೆಯೂ ನಡೆಯಿತು. ಈ ವಿಷಯದಲ್ಲಿ ನಮಗೆ ಕಲ್ಪನೆಯ ಅಗತ್ಯವಿಲ್ಲ. 2001ರ ಜನಗಣತಿಯಲ್ಲಿ ಕೊಡಗಿನವರು 5,48,561, 2011ರಲ್ಲಿ 5,54,519. ಹತ್ತು ವರ್ಷಗಳಲ್ಲಿ ಹೆಚ್ಚಿದವರು ಆರು ಸಾವಿರಕ್ಕೂ ಕಡಿಮೆ. ಇಷ್ಟು ನಿಧಾನವಾಗಿ ಬೆಳೆಯುವ ಜಿಲ್ಲೆ ತಲೆಯೆಣಿಕೆಯ ತಕ್ಕಡಿಯಲ್ಲಿ ಪ್ರತಿ ಸಲವೂ ಮೇಲಕ್ಕೇ ಹೋಗುತ್ತದೆ. ಆದರೆ ಹೊಳೆ, ಕಾಡು, ಕಾಫಿ, ಮೆಣಸು ಇವುಗಳ ತೂಕ ಆ ತಟ್ಟೆಯಲ್ಲಿ ಇಲ್ಲ. ಒಬ್ಬನಿಗೆ ಒಂದು ಮತ ಎಂಬ ತತ್ವವನ್ನು ನಾನು ಬಿಟ್ಟುಕೊಡಲಾರೆ. ಆದರೂ ಈ ಕೊರಗು ಸುಳ್ಳಲ್ಲ ಎಂಬುದನ್ನು ಬೆಂಗಳೂರು, ದೆಹಲಿಗಳಲ್ಲಿ ಕುಳಿತವರು ಒಮ್ಮೆ ಕಿವಿಗೆ ಹಾಕಿಕೊಳ್ಳಬೇಕು.

ನನ್ನ ಅಪ್ಪನ ತಲೆಮಾರಿನವರು ಸರ್ಕಾರವನ್ನು ನಂಬಿದ್ದಕ್ಕೆ ಒಂದು ಹೆಸರಿತ್ತು: ಪೂಲ್. 1940ರ ದಶಕದಲ್ಲಿ ಯುದ್ಧದ ಕಾಲಕ್ಕೆ ಹುಟ್ಟಿದ ಕಾಫಿ ಮಂಡಳಿಗೆ ಬೆಳೆಗಾರ ತನ್ನ ಫಸಲೆಲ್ಲವನ್ನೂ ಒಪ್ಪಿಸಬೇಕಿತ್ತು. ಬೀಜಕ್ಕೂ ಮನೆ ಬಳಕೆಗೂ ಅಷ್ಟಿಷ್ಟು ಉಳಿಸಿಕೊಳ್ಳಬಹುದು, ಹೊರಗೆ ಮಾರಿದರೆ ಅಪರಾಧ. ಮಂಡಳಿ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಹರಾಜು ಹಾಕಿ, ಬಂದ ಹಣವನ್ನು ಕಂತು ಕಂತಾಗಿ ಹಂಚುತ್ತಿತ್ತು. ಒಂದು ವರ್ಷದ ಫಸಲಿನ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ವರ್ಷದ ಹೂಮಳೆಯೂ ಬಿದ್ದಿರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಅದರಲ್ಲಿ ಭದ್ರತೆಯೂ ಇತ್ತು, ಉಸಿರುಕಟ್ಟುವ ಭಾವವೂ ಇತ್ತು. 1992ರಿಂದ ಆ ಬಿಗಿ ಹಂತ ಹಂತವಾಗಿ ಸಡಿಲವಾಗಿ, 1996ರಲ್ಲಿ ಪೂಲ್ ಪೂರ್ತಿ ಮುಗಿಯಿತು. ಅದೇ ಹೊತ್ತಿಗೆ 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಹೊಡೆದು ಜಗತ್ತಿನ ಕಾಫಿಯ ಬೆಲೆ ಜಿಗಿದಿತ್ತು. ನಮ್ಮ ಊರಿನಲ್ಲಿ ಹೊಸ ಮನೆಗಳು ಎದ್ದವು, ಜೀಪುಗಳು ಬಂದವು. ಮಾರುಕಟ್ಟೆ ದೇವರಂತೆ ಕಂಡಿತು.

ಆ ದೇವರು ಕಣ್ಣು ಮುಚ್ಚಿದ್ದು 2001, 2002ರಲ್ಲಿ. ವಿಯೆಟ್ನಾಂ ಕೆಲವೇ ವರ್ಷಗಳಲ್ಲಿ ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬೆಳೆದು ನಿಂತಿತ್ತು. ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 500 ಡಾಲರಿಗಿಂತಲೂ ಕೆಳಗೆ ಇಳಿಯಿತು. ಕೊಯ್ಯುವ ಕೂಲಿ ಹುಟ್ಟದೆ ಕೆಲವರು ಹಣ್ಣನ್ನು ಗಿಡದಲ್ಲಿಯೇ ಬಿಟ್ಟರು. ಮೊದಲ ಬ್ಯಾಂಕ್ ನೋಟೀಸು ಬಂದ ದಿನ ಅಪ್ಪ ಅದನ್ನು ಪಂಚಾಂಗದ ಒಳಗೆ ಮಡಿಸಿಟ್ಟು, ಅಮ್ಮನಿಗೆ ಹೇಳದೆ ಎಂದಿನ ಹಾಗೆ ಚಿಗುರು ತೆಗೆಯಲು ತೋಟಕ್ಕೆ ಹೋದರು. 2002ರಲ್ಲಿ ಹಳೆಯ ಸಾಲಗಳನ್ನು ಒಟ್ಟುಗೂಡಿಸಿ ದೀರ್ಘಾವಧಿಗೆ ಬದಲಾಯಿಸುವ ವಿಶೇಷ ಸಾಲ ಯೋಜನೆ ಬಂತು, 2010ರಲ್ಲಿ ಸಾಲ ಪರಿಹಾರದ ಇನ್ನೊಂದು ಯೋಜನೆ ಬಂತು. ಎರಡರಿಂದಲೂ ನಮಗೆ ಸಹಾಯವಾಯಿತು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ನೋಟೀಸಿನ ಅಸಲೆಷ್ಟು, ಬಡ್ಡಿಯೆಷ್ಟು, ಚಕ್ರಬಡ್ಡಿಯೆಷ್ಟು ಎಂದು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ಕೇಳುವ ಧೈರ್ಯ ಅಪ್ಪನಿಗೂ ಬರಲಿಲ್ಲ. ಚೆರಿಯ ಓಟಿಯನ್ನು ಅರ್ಧ ಅಂಕಿಗಾಗಿ ಚರ್ಚಿಸುತ್ತಿದ್ದ ಮನುಷ್ಯ ಬ್ಯಾಂಕಿನ ಕೌಂಟರಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ಇದೇ ರೊಬಸ್ಟಾ 2024ರಲ್ಲಿ ಲಂಡನ್‌ನಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಬೆಲೆ ಬಂದಾಗ ಅದನ್ನು ಸರ್ಕಾರದ ಸಾಧನೆಯೆಂದವರನ್ನೂ ಕಂಡೆ, ಬೆಲೆ ಬಿದ್ದಾಗ ಸರ್ಕಾರದ ದ್ರೋಹವೆಂದವರನ್ನೂ ಕಂಡಿದ್ದೇನೆ. ಏರಿಕೆಗೆ ಕಾರಣ ಬಹುಮಟ್ಟಿಗೆ ವಿಯೆಟ್ನಾಂ, ಬ್ರೆಜಿಲ್‌ಗಳ ಬರ. ಸರ್ಕಾರದ ಕೈಯಲ್ಲಿ ಇರುವುದು ಬೇರೆ ಸಂಗತಿಗಳು. 2017ರ ಡಿಸೆಂಬರಿನಲ್ಲಿ ಆಮದು ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ನಿಗದಿಪಡಿಸಿದ್ದು ಸರ್ಕಾರದ ತೀರ್ಮಾನ. ಅದನ್ನು ಹೊಗಳಬಹುದು, ಅದು ಹೇಗೆ ಜಾರಿಯಾಯಿತು ಎಂದು ಪ್ರಶ್ನಿಸಲೂಬಹುದು. ಕಾಡು ಕಡಿದ ಜಾಗದ ಬೆಳೆ ಬೇಡವೆನ್ನುವ ಯುರೋಪಿನ ಹೊಸ ಕಾನೂನಿಗೆ ನಮ್ಮ ಸಣ್ಣ ತೋಟಗಳ ದಾಖಲೆಯನ್ನು ಸಿದ್ಧಪಡಿಸಿಕೊಡುವುದೂ ಅದರ ಹೊಣೆ. ನಮ್ಮ ಚರ್ಚೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ.

ಬಗ್ಗಿ ನೋಡುವ ಕೆಲಸವನ್ನು ನಾನೇ ಒಮ್ಮೆ ಮಾಡಿದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ, ನಮ್ಮವರು ಕಸ್ತೂರಿರಂಗನ್ ವರದಿ ಎಂದು ಒಂದೇ ಹೆಸರಿನಲ್ಲಿ ಕರೆಯುವುದು, 2014ರಿಂದ ಮತ್ತೆ ಮತ್ತೆ ಹೊರಬರುತ್ತಿದೆ. 2024ರ ಜುಲೈ 31ರದು ಆರನೆಯದು. ಆಕ್ಷೇಪಣೆಗೆ 60 ದಿನ. ಊರಿನ ಸಭೆಯಲ್ಲಿ ಕೇಳಿಬಂದದ್ದು, ಇದು ಬಂದರೆ ಮನೆಯ ಹೆಂಚು ಬದಲಿಸಲಿಕ್ಕೂ ಅಪ್ಪಣೆ ಬೇಕು, ಕಾಫಿಗೆ ಗೊಬ್ಬರ ಹಾಕುವಂತಿಲ್ಲ ಎಂಬ ಮಾತುಗಳು. ನಾನು ಎರಡು ರಾತ್ರಿ ಕುಳಿತು ಆ ಕರಡನ್ನು ಓದಿದೆ. ಅದು ತಡೆಯುವುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗೂ ಮಿಗಿಲಾದ ಕಟ್ಟಡ, ದೊಡ್ಡ ಬಡಾವಣೆ ಇಂಥವನ್ನು. ಮುಂದಿನ ಸಭೆಯಲ್ಲಿ ಅದನ್ನು ಕನ್ನಡದಲ್ಲಿ ಹೇಳಿದೆ. ಕೆಲವರು ನನ್ನನ್ನು ಪರಿಸರದವರ ಕಡೆಯವಳೆಂದರು. ಆದರೆ ಮಾವ ಎದ್ದು ನಿಂತು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ನಮ್ಮ ಮನೆ ಗದ್ದೆಗಳ ಮೇಲೆ ಬರುವ ಕಾನೂನು ಹಿಂದಿ ಇಂಗ್ಲಿಷಿನ ಗೆಜೆಟ್ಟಿನಲ್ಲಿ ಯಾಕಿದೆ? ನೀನು ಓದಿ ಹೇಳದಿದ್ದರೆ ನಮಗೆ ಹೇಳುವವರು ಯಾರು?" 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ಕಂಡವರು ನಾವು, ಗುಡ್ಡವನ್ನು ಕಾಪಾಡಬೇಕೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅರ್ಥವಾಗದ ಭಾಷೆಯಲ್ಲಿ ತೂಕ ಹಾಕಿದಾಗ ಸರಿಯಾದ ತೂಕವೂ ಮೋಸವೆಂದೇ ತೋರುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ನಮ್ಮ ಊರಿನಲ್ಲಿ ಸಮಾಧಾನವಾಯಿತು, ಆದರೆ ಪ್ರಶ್ನೆ ಹಾಗೆಯೇ ಉಳಿಯಿತು.

ಕಾಗದದಲ್ಲಿ ಹೆಸರಿಲ್ಲದವರ ಕಷ್ಟ ಇದಕ್ಕಿಂತ ದೊಡ್ಡದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಗಳಲ್ಲಿ ಆರ್‌ಟಿಸಿಯ, ಎಂದರೆ ಪಹಣಿಯ, ಮೇಲೆ ಇರುವುದು ಬಹಳ ಕಡೆ ಕುಟುಂಬದ ಹಿರಿಯನಾದ ಪಟ್ಟೇದಾರನ ಹೆಸರು. ತಲೆಮಾರಿನಿಂದ ಉಳುತ್ತಿರುವ ಪಾಲುದಾರನ ಹೆಸರು ಇರುವುದಿಲ್ಲ. 2019ರಲ್ಲಿ ರೈತರ ಖಾತೆಗೆ ವರ್ಷಕ್ಕೆ 6,000 ರೂಪಾಯಿ ಹಾಕುವ ಯೋಜನೆ ಬಂದಾಗ ಇಂಥವರು ಹಲವರು ರೈತರೆಂದು ಲೆಕ್ಕಕ್ಕೇ ಬರಲಿಲ್ಲ. ಅವರಿಗಿಂತಲೂ ಆಚೆ, ತೋಟದ ಕೆಲಸಗಾರರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಇರುವವರಿಗೆ ಆರ್‌ಟಿಸಿಯ ಮಾತಿರಲಿ, ವಿಳಾಸವೇ ತೋಟದ ಮಾಲೀಕನದು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ಅದರ ವಿರುದ್ಧ ನಡೆದ ಹೋರಾಟವನ್ನು ನಾಡೆಲ್ಲ ನೋಡಿತು. ಲೈನ್ ಮನೆ ಬಿಟ್ಟು ಕಾಡಿನಂಚಿನ ಆ ಗುಡಿಸಲಿಗೆ ಅಷ್ಟೊಂದು ಜನ ಏಕೆ ಹೋದರು ಎಂಬ ಪ್ರಶ್ನೆಯನ್ನು ನಾವು ಬೆಳೆಗಾರರು ನಮ್ಮ ನಮ್ಮಲ್ಲಿ ಬಿಡಿಸಿ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್ 8ರ ರಾತ್ರಿ, 500 ಮತ್ತು 1,000ದ ನೋಟುಗಳು ರದ್ದಾಗಿದ್ದವು. ಅರೇಬಿಕಾ ಕೊಯ್ಲು ಶುರುವಾಗುವ ಕಾಲ. ವಾರದ ಕೂಲಿ ನಗದಿನಲ್ಲಿ, ಅದೂ ಸಂತೆಯ ಹಿಂದಿನ ದಿನ ಬಟವಾಡೆ ಮಾಡುವುದು ನಮ್ಮಲ್ಲಿನ ರೂಢಿ. ಮೂರು ವಾರ ನಾನು ಕೂಲಿ ಕೊಡಲಿಲ್ಲ. ಪರಿಚಯದ ಅಂಗಡಿಯಲ್ಲಿ ಅಕ್ಕಿ, ಎಣ್ಣೆ ಸಾಲಕ್ಕೆ ಕೊಡಿಸಿ ಪುಸ್ತಕದಲ್ಲಿ ಬರೆಸಿದೆ. ಕಪ್ಪುಹಣ ಹೊರಬರುತ್ತದೆ, ಸ್ವಲ್ಪ ಕಷ್ಟ ಪಡೋಣ ಎಂದು ಮಾವ ಹೇಳಿದರು, ನಾನೂ ಒಪ್ಪಿದೆ. 2018ರ ವರದಿಯಲ್ಲಿ ರಿಸರ್ವ್ ಬ್ಯಾಂಕ್ ರದ್ದಾದ ನೋಟುಗಳಲ್ಲಿ ಶೇಕಡ 99.3ರಷ್ಟು ಮರಳಿ ಬಂದಿವೆ ಎಂದಿತು. ಆ ಅಂಕಿಯನ್ನು ಓದಿದ ದಿನ ನನಗೆ ಸರ್ಕಾರದ ಮೇಲೆ ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚು ನೆನಪಿಗೆ ಬಂದದ್ದು ಆ ಮೂರು ವಾರ ಒಂದು ಮಾತೂ ಆಡದೆ ಹಣ್ಣು ಕೊಯ್ದು ಸುರಿದ ಆರು ಮಂದಿ ಹೆಂಗಸರು. ಕಷ್ಟ ಪಡೋಣ ಎಂದು ನಾನು ಒಪ್ಪಿದ್ದು ಅವರ ಪರವಾಗಿಯೂ ಆಗಿತ್ತು. ಅವರನ್ನು ನಾನು ಕೇಳಿರಲಿಲ್ಲ.

ಈ ಸಲದ ರೊಬಸ್ಟಾ ಕೊಯ್ಲಿನಲ್ಲಿಯೂ ಆ ಆರರಲ್ಲಿ ಇಬ್ಬರು ನಮ್ಮ ತೋಟದಲ್ಲಿದ್ದಾರೆ. ಕೊಯ್ಲಿನ ಕೂಲಿ ಕಿಲೋ ಲೆಕ್ಕ. ಸಂಜೆ ಐದರ ಹೊತ್ತಿಗೆ ಅವರವರ ಚೀಲವನ್ನು ಕಣಕ್ಕೆ ತಂದು ತೂಕದ ಯಂತ್ರದ ಮೇಲೆ ಇಡುತ್ತಾರೆ, ನಾನು ಅಂಕಿ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಮೊದಲೆಲ್ಲ ಮುಳ್ಳಿನ ತಕ್ಕಡಿ ಇತ್ತು, ಮರದ ಕೊಂಬೆಗೆ ತೂಗುಹಾಕಿದ್ದನ್ನು ಸುತ್ತ ನಿಂತವರೆಲ್ಲ ನೋಡಬಹುದಿತ್ತು. ನಾಲ್ಕು ವರ್ಷದ ಹಿಂದೆ ನಾನು ಬ್ಯಾಟರಿಯ ಯಂತ್ರ ತಂದೆ. ಅದರ ಅಂಕಿ ಒಂದೇ ಕಡೆಗೆ ಕಾಣುತ್ತದೆ, ಅದು ನನ್ನ ಕುರ್ಚಿಯ ಕಡೆ.

ಮಳಿಗೆಯಿಂದ ಬಂದ ಮರುದಿನ ಸಂಜೆ, ಇಬ್ಬರಲ್ಲಿ ಹಿರಿಯಳು ಚೀಲವಿಟ್ಟಾಗ ನಾನು 62 ಎಂದು ಬರೆದುಕೊಂಡೆ. ಅವಳು ಅಲ್ಲಿಯೇ ನಿಂತಿದ್ದಳು. ನಾನು ತಲೆಯೆತ್ತಿದೆ.

"ಅಕ್ಕಾ, ಅದನ್ನ ಒಮ್ಮೆ ಈ ಕಡೆ ತಿರುಗಿಸ್ತೀರಾ?"

ಹದಿನಾಲ್ಕು ವರ್ಷಗಳಲ್ಲಿ ಅವಳು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. ನನಗೆ ಮುಖ ಬಿಸಿಯಾಯಿತು, ಅವಮಾನವಾಯಿತೇನೋ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಯಂತ್ರವನ್ನು ತಿರುಗಿಸಿದೆ. ಅವಳು ಬಗ್ಗಿ ನೋಡಿದಳು, ತುಟಿಯಲ್ಲಿಯೇ ಅಂಕಿಯನ್ನು ಓದಿಕೊಂಡಳು, ತಲೆಯಾಡಿಸಿ ಚೀಲ ಸುರಿಯಲು ಕಣಕ್ಕೆ ಹೋದಳು. ಈಗ ಯಂತ್ರವನ್ನು ಕಣದ ಅಂಚಿನ ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟಿದ್ದೇನೆ. ನಾನು ಕುರ್ಚಿ ಬಿಟ್ಟೆದ್ದು ಅವರ ಪಕ್ಕಕ್ಕೆ ಹೋಗಿ ನಿಂತು ಅಂಕಿ ಬರೆದುಕೊಳ್ಳುತ್ತೇನೆ.